ಟ್ರ್ಯಾಕ್ಟರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟುಗಳನ್ನು ಬಿಗಿಯುವ ಸರಿಯಾದ ಕ್ರಮ

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಈಗ ಎತ್ತಿನ ಜೋಡಿಯಷ್ಟೇ ಪರಿಚಿತವಾದ ಸಾಧನ. ಉಳುಮೆ, ರೋಟಾವೇಟರ್ ಹೊಡೆಯುವುದು, ಒಕ್ಕಣೆ, ಕಬ್ಬಿನ ಸಾಗಾಣಿಕೆ ಹೀಗೆ ವರ್ಷವಿಡೀ ಅದಕ್ಕೆ ಕೆಲಸವಿರುತ್ತದೆ. ಎಂಜಿನ್ನಿನ ಎಣ್ಣೆ, ಗಾಳಿ ಶೋಧಕ, ರೇಡಿಯೇಟರಿನ ನೀರು ಇವುಗಳ ಬಗ್ಗೆ ರೈತ ಬಾಂಧವರು ಸಾಕಷ್ಟು ಗಮನ ಕೊಡುತ್ತಾರೆ. ಆದರೆ ಹೊಗೆ ಹೊರಹೋಗುವ ಭಾಗದ ಕಡೆಗೆ, ಅದರಲ್ಲೂ ಅದನ್ನು ಎಂಜಿನ್ನಿಗೆ ಹಿಡಿದಿಟ್ಟಿರುವ ಐದಾರು ಬೋಲ್ಟುಗಳ ಕಡೆಗೆ, ಗಮನ ಹರಿಯುವುದು ಅಲ್ಲಿಂದ ಶಬ್ದ ಬರತೊಡಗಿದ ಮೇಲೆಯೇ. ಆಗ ಕೈಗೆ ಸಿಕ್ಕ ಸ್ಪ್ಯಾನರಿಗೆ ಒಂದು ಉದ್ದನೆಯ ಕೊಳವೆ ಸಿಕ್ಕಿಸಿ ಬಲವಾಗಿ ತಿರುಗಿಸುವುದು ರೂಢಿ. ಬೋಲ್ಟು ಸಿಲಿಂಡರ್ ಹೆಡ್ಡಿನೊಳಗೇ ಮುರಿದುಕೊಂಡರೆ, ಒಂದು ಗ್ಯಾಸ್ಕೆಟ್ಟಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಹೆಡ್ಡನ್ನೇ ಇಳಿಸುವ ಕೆಲಸವಾಗುತ್ತದೆ. ಬಿತ್ತನೆಯ ಹದ ಕಾಯುವುದಿಲ್ಲ. ಟ್ರ್ಯಾಕ್ಟರ್ ಮಾತ್ರ ಗ್ಯಾರೇಜಿನಲ್ಲಿ ನಿಂತಿರುತ್ತದೆ.

ಈ ಬೋಲ್ಟುಗಳನ್ನು ಬಿಗಿಯಲು ಹೆಚ್ಚು ಬಲ ಬೇಕಾಗಿಲ್ಲ. ಬೇಕಾದದ್ದು ಮೂರು: ಎಂಜಿನ್ ತಣ್ಣಗಿರಬೇಕು, ಬಿಗಿಯುವುದು ನಡುವಿನಿಂದ ಅಂಚಿಗೆ ಸಾಗಬೇಕು, ಬಲವು ಅಳತೆಯಲ್ಲಿರಬೇಕು. ಹೀಗೆ ಏಕೆ ಮತ್ತು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮ್ಯಾನಿಫೋಲ್ಡಿನ ಕೆಲಸ

ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿ ಡೀಸೆಲ್ ಉರಿದ ಮೇಲೆ ಉಳಿಯುವ ಬಿಸಿ ಹೊಗೆಯು ಸಿಲಿಂಡರ್ ಹೆಡ್ಡಿನ ಪಕ್ಕದಲ್ಲಿರುವ ರಂಧ್ರದಿಂದ ಹೊರಬರುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಇಂಥ ಮೂರು ದಾರಿಗಳು, ನಾಲ್ಕು ಸಿಲಿಂಡರಿನದಕ್ಕೆ ನಾಲ್ಕು. ಇವೆಲ್ಲವುಗಳ ಹೊಗೆಯನ್ನು ಒಂದುಗೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡು ಕಬ್ಬಿಣದ ಕವಲು ಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಟರ್ಬೋ ಇರುವ ಟ್ರ್ಯಾಕ್ಟರುಗಳಲ್ಲಿ ಹೊಗೆಯು ಮೊದಲು ಟರ್ಬೋವನ್ನು ತಿರುಗಿಸಿ ಅನಂತರ ಸೈಲೆನ್ಸರಿಗೆ ಹೋಗುತ್ತದೆ.

ಮ್ಯಾನಿಫೋಲ್ಡ್ ಮತ್ತು ಹೆಡ್ಡಿನ ನಡುವೆ ಗ್ಯಾಸ್ಕೆಟ್ ಇರುತ್ತದೆ. ಹೆಡ್ಡಿಗೆ ತಿರುಗಿಸಿ ಕೂರಿಸಿದ ಸ್ಟಡ್ಡುಗಳ ಮೇಲೆ ನಟ್ಟು ಹಾಕಿ, ಇಲ್ಲವೇ ನೇರವಾಗಿ ಬೋಲ್ಟು ಹಾಕಿ, ಇವೆರಡನ್ನೂ ಒತ್ತಿ ಹಿಡಿಯಲಾಗುತ್ತದೆ. ಸ್ಟಡ್ ಎಂದರೆ ತಲೆಯಿಲ್ಲದ, ಎರಡೂ ತುದಿಗೆ ತಿರುಪು ಗೆರೆಗಳಿರುವ ಬೋಲ್ಟು. ಈ ತಿರುಪು ಗೆರೆಗಳನ್ನೇ ಗ್ಯಾರೇಜಿನವರು ಥ್ರೆಡ್ ಎನ್ನುತ್ತಾರೆ.

ಈ ಬೋಲ್ಟುಗಳು ಏಕೆ ಸಡಿಲವಾಗುತ್ತವೆ?

ಎಂಜಿನ್ನಿನಲ್ಲಿ ಬೋಲ್ಟುಗಳು ಬಹಳ ಇವೆ. ಆದರೆ ಮ್ಯಾನಿಫೋಲ್ಡಿನ ಬೋಲ್ಟಿನಷ್ಟು ಬಿಸಿಯನ್ನು ತಾಳಿಕೊಳ್ಳಬೇಕಾದವು ಕಡಿಮೆ. ಟ್ರ್ಯಾಕ್ಟರ್ ಭಾರವಾದ ಕೆಲಸದಲ್ಲಿರುವಾಗ ಹೊರಬರುವ ಹೊಗೆಯ ಶಾಖವು ಸುಮಾರು 500 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದೇ ಹೊತ್ತಿಗೆ ನೀರಿನಿಂದ ತಣಿಯುತ್ತಿರುವ ಸಿಲಿಂಡರ್ ಹೆಡ್ಡಿನ ಶಾಖ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಕಬ್ಬಿಣಗಳಲ್ಲಿ ಒಂದು ಬಹಳ ಬಿಸಿ, ಇನ್ನೊಂದು ಅಷ್ಟಿಲ್ಲ.

ಬಿಸಿಯಾದ ಕಬ್ಬಿಣ ಹಿಗ್ಗುತ್ತದೆಂಬುದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಮರದ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವಾಗ ಕಮ್ಮಾರನು ಪಟ್ಟಾವನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರೆರೆದು ಕುಗ್ಗಿಸುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಮ್ಯಾನಿಫೋಲ್ಡಿನಲ್ಲಿಯೂ ಇದೇ ನಡೆಯುತ್ತದೆ. ಅರ್ಧ ಮೀಟರ್ ಉದ್ದದ ಬೀಡು ಕಬ್ಬಿಣವು 400 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ಹೆಡ್ಡು ಹಿಗ್ಗುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಎಂಜಿನ್ ಕಾದಾಗಲೆಲ್ಲ ಮ್ಯಾನಿಫೋಲ್ಡಿನ ಎರಡೂ ತುದಿಗಳು ಹೆಡ್ಡಿನ ಮೇಲೆ ಸ್ವಲ್ಪ ಹೊರಕ್ಕೆ ಸರಿಯುತ್ತವೆ, ತಣಿದಾಗ ಮತ್ತೆ ಒಳಕ್ಕೆ ಬರುತ್ತವೆ.

ಈ ಸರಿದಾಟಕ್ಕೆ ಅವಕಾಶವಿರಲೆಂದೇ ಮ್ಯಾನಿಫೋಲ್ಡಿನ ತೂತುಗಳನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿ ಕೊರೆದಿರುತ್ತಾರೆ. ದಿನಕ್ಕೆ ನಾಲ್ಕು ಸಲ ಚಾಲೂ ಮಾಡಿ ನಿಲ್ಲಿಸಿದರೆ ನಾಲ್ಕು ಸಲ ಈ ಹಿಗ್ಗು ಕುಗ್ಗು ಆಗುತ್ತದೆ. ಇದರ ಜೊತೆಗೆ ಎಂಜಿನ್ನಿನ ಅದುರು, ಹೊಲದ ಬದು ಹಾರುವಾಗಿನ ಕುಲುಕು ಸೇರುತ್ತವೆ. ಹೀಗಾಗಿ ಗ್ಯಾಸ್ಕೆಟ್ ಕ್ರಮೇಣ ತೆಳುವಾಗಿ ಬೋಲ್ಟಿನ ಬಿಗಿ ಕಡಿಮೆಯಾಗುವುದು ಸಹಜ. ಸೈಲೆನ್ಸರಿಗೆ ಆಧಾರ ಕೊಡುವ ಪಟ್ಟಿಯು ಕಳಚಿದ್ದರೆ ಸೈಲೆನ್ಸರಿನ ಪೂರ್ತಿ ಭಾರ ಈ ಬೋಲ್ಟುಗಳ ಮೇಲೆ ಬಿದ್ದು ಅವು ಇನ್ನೂ ಬೇಗ ಸಡಿಲವಾಗುತ್ತವೆ, ಕೆಲವೊಮ್ಮೆ ಮುರಿಯುತ್ತವೆ.

ಸೋರಿಕೆಯಿಂದಾಗುವ ಹಾನಿ

ಕೂಡಿಕೆಯಲ್ಲಿ ಸಣ್ಣ ಸಂದಾದರೂ ಅದರ ಮೂಲಕ ಬಿಸಿ ಹೊಗೆ ರಭಸದಿಂದ ನುಗ್ಗುತ್ತದೆ. ಇದನ್ನು ಬರೀ ಶಬ್ದದ ಕಾಟವೆಂದು ಬಿಟ್ಟುಬಿಡಬಾರದು. ಆಗುವ ಹಾನಿಗಳು ಹೀಗಿವೆ.

ಮೊದಲನೆಯದು ಬೆಂಕಿಯ ಅಪಾಯ. ಕಣದಲ್ಲಿ ಒಕ್ಕಣೆ ಯಂತ್ರಕ್ಕೆ ಟ್ರ್ಯಾಕ್ಟರ್ ಕಟ್ಟಿದಾಗ ಸುತ್ತ ಒಣಹುಲ್ಲು, ಹೊಟ್ಟು, ದೂಳು ತುಂಬಿರುತ್ತವೆ. ಎಂಜಿನ್ನಿನ ಪಕ್ಕದಲ್ಲಿ ಹುಲ್ಲು ಸಿಕ್ಕಿಕೊಂಡು, ಅಲ್ಲಿಗೇ ಬಿಸಿ ಹೊಗೆ ನೇರವಾಗಿ ಬಡಿದರೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಪಕ್ಕದ ಬಣವೆಗೆ ಬೆಂಕಿ ಹತ್ತಿದರೆ ವರ್ಷದ ಮೇವು ಬೂದಿಯಾಗುತ್ತದೆ.

ಎರಡನೆಯದು ಆರೋಗ್ಯದ ಹಾನಿ. ಮೇಲ್ಮುಖವಾದ ಸೈಲೆನ್ಸರ್ ಹೊಗೆಯನ್ನು ಚಾಲಕನ ತಲೆಯ ಮೇಲಕ್ಕೆ ಬಿಡುತ್ತದೆ. ಮ್ಯಾನಿಫೋಲ್ಡಿನಲ್ಲಿ ಸೋರಿದ ಹೊಗೆ ನೇರವಾಗಿ ಅವನ ಮುಖಕ್ಕೆ ಬರುತ್ತದೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಪ್ರಕಟಿಸಿದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಚಾಲೂ ಇಡುವುದು ಎಂದಿಗೂ ಸಲ್ಲದು.

ಮೂರನೆಯದು ಯಂತ್ರದ ಹಾನಿ. ಬಿಸಿ ಹೊಗೆ ಒಂದೇ ಕಡೆ ನುಗ್ಗುತ್ತಿದ್ದರೆ ಗ್ಯಾಸ್ಕೆಟ್ ಸುಟ್ಟು, ಕ್ರಮೇಣ ಮ್ಯಾನಿಫೋಲ್ಡಿನ ಮುಖದಲ್ಲೂ ಹೆಡ್ಡಿನ ಮುಖದಲ್ಲೂ ಗೀರು ಬೀಳುತ್ತದೆ. ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ಟರ್ಬೋ ಇರುವ ಎಂಜಿನ್ನಿನಲ್ಲಿ ಹೊಗೆ ಮೊದಲೇ ಸೋರಿ ಹೋದರೆ ಟರ್ಬೋ ಸಾಕಷ್ಟು ವೇಗವಾಗಿ ತಿರುಗದೆ ಎಳೆಯುವ ಶಕ್ತಿ ಕುಂದುತ್ತದೆ, ಕಪ್ಪು ಹೊಗೆ ಹೆಚ್ಚುತ್ತದೆ.

ಸೋರಿಕೆಯನ್ನು ಗುರುತಿಸುವುದು

ಮುಂಜಾನೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಪಕ್ಕದಿಂದ ‘ಟಪ್ ಟಪ್’ ಎಂಬ ಶಬ್ದ ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡಿನ ಕೂಡಿಕೆಯನ್ನು ಸಂಶಯಿಸಬೇಕು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದು ಸ್ವಲ್ಪ ಮುಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ. ಟ್ಯಾಪೆಟ್ಟಿನ ಶಬ್ದವು ವಾಲ್ವಿನ ಮುಚ್ಚಳದ ಕಡೆಯಿಂದ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸಾಮಾನ್ಯವಾಗಿ ಉಳಿಯುತ್ತದೆ.

ಎಂಜಿನ್ ನಿಲ್ಲಿಸಿ ತಣಿದ ಮೇಲೆ ಕೂಡಿಕೆಯ ಗೆರೆಯನ್ನು ಬೆಳಕು ಹಿಡಿದು ನೋಡಬೇಕು. ಸೋರುವ ಜಾಗದಲ್ಲಿ ಕಪ್ಪು ಮಸಿಯ ಪಟ್ಟೆ ಬೀಸಣಿಗೆಯಂತೆ ಹರಡಿರುತ್ತದೆ. ಇನ್ನೂ ಅನುಮಾನವಿದ್ದರೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಡಿಕೆಯ ಉದ್ದಕ್ಕೂ ಸಾಬೂನು ನೀರನ್ನು ಬ್ರಷ್ಷಿನಿಂದ ಸವರಿ, ಚಾಲೂ ಮಾಡಿ ಅರ್ಧ ನಿಮಿಷ ನೋಡಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಬಿಸಿ ಮ್ಯಾನಿಫೋಲ್ಡಿಗೆ ಮಾತ್ರ ನೀರು ಸೋಕಿಸಕೂಡದು. ಬೀಡು ಕಬ್ಬಿಣ ಒಮ್ಮೆಲೇ ತಣಿದರೆ ಬಿರುಕು ಬಿಡುತ್ತದೆ. ಹೊಲದಿಂದ ಬಂದ ಕೂಡಲೇ ಟ್ರ್ಯಾಕ್ಟರನ್ನು ಕೆರೆ ದಂಡೆಗೆ ಒಯ್ದು ನೀರೆರಚುವವರು ಇದನ್ನು ನೆನಪಿಡಬೇಕು.

ಕೂಡಿಕೆಯಲ್ಲಿ ಸೋರಿಕೆ ಕಾಣದೆ, ಮ್ಯಾನಿಫೋಲ್ಡಿನ ಮೈಮೇಲೆಯೇ ಮಸಿಯ ಗೆರೆಯಿದ್ದರೆ ಅದು ಬಿರುಕು. ಆಗ ಬೋಲ್ಟು ಬಿಗಿಯುವುದರಿಂದ ಪ್ರಯೋಜನವಿಲ್ಲ. ಹೊಸದನ್ನು ಹಾಕುವುದೇ ಮೇಲು.

ಬೋಲ್ಟು ಹಿಡಿಯುವ ಬಗೆ

ಬೋಲ್ಟು ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಗಾಡಿಯ ಹೇರನ್ನು ಮಿಣಿಯಿಂದ ಬಿಗಿಯುವಾಗ ಮಿಣಿ ಸ್ವಲ್ಪ ಹಿಗ್ಗಿ, ಮತ್ತೆ ಕುಗ್ಗಲು ಎಳೆಯುವುದರಿಂದಲೇ ಹೇರು ಅಲುಗದೆ ನಿಲ್ಲುತ್ತದೆ. ಬೋಲ್ಟೂ ಹಾಗೆಯೇ. ನಟ್ಟನ್ನು ತಿರುಗಿಸಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಎಳೆತವೇ ಮ್ಯಾನಿಫೋಲ್ಡನ್ನು ಒತ್ತಿ ಹಿಡಿಯುತ್ತದೆ. ಎಳೆತ ಕಡಿಮೆಯಾದರೆ ಹೊಗೆ ಸೋರುತ್ತದೆ. ಮಿತಿ ಮೀರಿದರೆ ಬೋಲ್ಟು ಹಿಗ್ಗಿದಂತೆಯೇ ಉಳಿದು ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಇಲ್ಲವೇ ಅಲ್ಲೇ ತುಂಡಾಗುತ್ತದೆ. ಮೇಲಾಗಿ, ಬೆರಳೂ ಅಲುಗದಷ್ಟು ಬಿಗಿದ ಮ್ಯಾನಿಫೋಲ್ಡಿಗೆ ಬಿಸಿಯಲ್ಲಿ ಸರಿಯಲು ಅವಕಾಶವಿಲ್ಲದೆ ಅದೇ ಬಿರುಕು ಬಿಡಬಹುದು.

ಬಿಗಿಯುವ ಬಲವನ್ನು ಟಾರ್ಕ್ ಎನ್ನುತ್ತಾರೆ. ಸ್ಪ್ಯಾನರಿನ ಉದ್ದವನ್ನು ಮೀಟರಿನಲ್ಲಿಯೂ ಎಳೆಯುವ ಬಲವನ್ನು ಕಿಲೋಗ್ರಾಂನಲ್ಲಿಯೂ ತೆಗೆದುಕೊಂಡು ಗುಣಿಸಿದರೆ ಟಾರ್ಕ್ ಬರುತ್ತದೆ. ಇದಕ್ಕೆ ಕಿಲೋಗ್ರಾಂ-ಮೀಟರ್ ಎಂಬ ಅಳತೆ. ಹೊಸ ಕೈಪಿಡಿಗಳಲ್ಲಿ ನ್ಯೂಟನ್-ಮೀಟರ್ ಎಂದು ಕೊಟ್ಟಿರುತ್ತಾರೆ. 1 ಕಿಲೋಗ್ರಾಂ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್, ಲೆಕ್ಕಕ್ಕೆ 10 ಎಂದು ಹಿಡಿದರೆ ಸಾಕು. ಹಳೆಯ ಕೈಪಿಡಿಗಳಲ್ಲಿ ಪೌಂಡ್-ಅಡಿ ಇರುತ್ತದೆ. 1 ಕಿಲೋಗ್ರಾಂ-ಮೀಟರ್ ಸುಮಾರು 7.2 ಪೌಂಡ್-ಅಡಿಗೆ ಸಮ.

ಮ್ಯಾನಿಫೋಲ್ಡಿಗೆ 8 ಮಿ.ಮೀ. ದಪ್ಪದ ಬೋಲ್ಟುಗಳಿದ್ದರೆ ಸಾಮಾನ್ಯವಾಗಿ 2ರಿಂದ 2.5 ಕಿಲೋಗ್ರಾಂ-ಮೀಟರ್, 10 ಮಿ.ಮೀ. ಬೋಲ್ಟುಗಳಿದ್ದರೆ 4ರಿಂದ 5 ಕಿಲೋಗ್ರಾಂ-ಮೀಟರ್ ಬಿಗಿ ಇರುತ್ತದೆ. ಇದು ಅಂದಾಜಿಗೆ ಮಾತ್ರ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವ ಅಂಕಿಯೇ ನಿಮಗೆ ಪ್ರಮಾಣ. ಕೈಪಿಡಿ ಕಳೆದಿದ್ದರೆ ಮಾರಾಟಗಾರರ ಸೇವಾ ಕೇಂದ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು.

ಈಗ ಕೊಳವೆ ಸಿಕ್ಕಿಸುವ ರೂಢಿಯನ್ನು ಲೆಕ್ಕ ಹಾಕಿ ನೋಡೋಣ. 75 ಸೆಂ.ಮೀ. ಕೊಳವೆಯ ತುದಿಯನ್ನು ಒಬ್ಬಾತ 30 ಕಿಲೋಗ್ರಾಂ ಬಲದಿಂದ ಎಳೆದರೆ 22.5 ಕಿಲೋಗ್ರಾಂ-ಮೀಟರ್ ಆಗುತ್ತದೆ. ಇದು 10 ಮಿ.ಮೀ. ಬೋಲ್ಟಿಗೆ ಬೇಕಾದುದರ ಐದರಷ್ಟು, 8 ಮಿ.ಮೀ. ಬೋಲ್ಟಿಗೆ ಬೇಕಾದುದರ ಒಂಬತ್ತರಷ್ಟು. ಬೋಲ್ಟು ಮುರಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಟಾರ್ಕ್ ರೆಂಚ್ ಇಲ್ಲದಿದ್ದರೆ

ಟಾರ್ಕ್ ರೆಂಚ್ ಎಂಬ ಅಳತೆಯ ಸ್ಪ್ಯಾನರ್ ಇದ್ದರೆ ಅದನ್ನೇ ಬಳಸಬೇಕು. ನಾಲ್ಕಾರು ಟ್ರ್ಯಾಕ್ಟರುಗಳಿರುವ ಊರಿನಲ್ಲಿ ಎಲ್ಲರೂ ಸೇರಿ ಒಂದನ್ನು ಕೊಂಡಿಟ್ಟುಕೊಳ್ಳುವುದು ಜಾಣತನ. ಅದಿಲ್ಲದಾಗ ಕಾಳು, ಹತ್ತಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದಲೂ ಸಾಕಷ್ಟು ಸರಿಯಾಗಿ ಬಿಗಿಯಬಹುದು.

ಒಂದು ರಿಂಗ್ ಸ್ಪ್ಯಾನರ್ ತೆಗೆದುಕೊಂಡು, ನಟ್ಟು ಕೂರುವ ಬಳೆಯ ನಡುವಿನಿಂದ 25 ಸೆಂ.ಮೀ. ದೂರಕ್ಕೆ ಗುರುತು ಮಾಡಿ. ಆ ಗುರುತಿಗೆ ತಂತಿ ಸುತ್ತಿ ತಕ್ಕಡಿಯ ಕೊಕ್ಕೆಯನ್ನು ಸಿಕ್ಕಿಸಿ. ತಕ್ಕಡಿಯನ್ನು ಸ್ಪ್ಯಾನರಿಗೆ ಲಂಬವಾಗಿ, ಮೂಲೆಮಟ್ಟದ ಕೋನದಲ್ಲಿ ಹಿಡಿದು, ಜಗ್ಗದೆ ನಿಧಾನವಾಗಿ ಎಳೆಯಿರಿ. ಮುಳ್ಳು ಬೇಕಾದ ಅಂಕಿ ತೋರಿಸಿದಾಗ ನಿಲ್ಲಿಸಿ. 25 ಸೆಂ.ಮೀ. ದೂರಕ್ಕೆ ಲೆಕ್ಕ ಹೀಗಿದೆ:

2 ಕಿಲೋಗ್ರಾಂ-ಮೀಟರಿಗೆ: 8 ಕಿಲೋಗ್ರಾಂ ಎಳೆತ
2.5 ಕಿಲೋಗ್ರಾಂ-ಮೀಟರಿಗೆ: 10 ಕಿಲೋಗ್ರಾಂ ಎಳೆತ
4 ಕಿಲೋಗ್ರಾಂ-ಮೀಟರಿಗೆ: 16 ಕಿಲೋಗ್ರಾಂ ಎಳೆತ
4.5 ಕಿಲೋಗ್ರಾಂ-ಮೀಟರಿಗೆ: 18 ಕಿಲೋಗ್ರಾಂ ಎಳೆತ

ಸ್ಪ್ಯಾನರ್ ಚಿಕ್ಕದಾಗಿದ್ದು 20 ಸೆಂ.ಮೀ. ಮಾತ್ರ ಸಿಕ್ಕರೆ, ಬೇಕಾದ ಕಿಲೋಗ್ರಾಂ-ಮೀಟರನ್ನು 0.20ರಿಂದ ಭಾಗಿಸಬೇಕು. ಉದಾಹರಣೆಗೆ 2.5ಕ್ಕೆ 12.5 ಕಿಲೋಗ್ರಾಂ ಎಳೆತ ಬೇಕು. ತಕ್ಕಡಿಯನ್ನು ಅಡ್ಡವಾಗಿ ಹಿಡಿದಾಗ ಎಳೆಯದೆಯೂ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಹಳೆಯ ನಟ್ಟುಗಳನ್ನು ಬಿಚ್ಚುವುದು

ಮುರಿಯುವುದು ಹೆಚ್ಚಾಗಿ ಬಿಚ್ಚುವಾಗಲೇ. ವರ್ಷಗಟ್ಟಲೆ ಬಿಸಿ ಉಂಡ ನಟ್ಟು ತುಕ್ಕಿನಿಂದ ಸ್ಟಡ್ಡಿಗೆ ಬೆಸೆದುಕೊಂಡಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ತಂತಿ ಬ್ರಷ್ಷಿನಿಂದ ತುದಿಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಿಗ್ಗೆ ಇನ್ನೊಮ್ಮೆ ಬಿಡಬೇಕು. ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ತಂತಿಯನ್ನು ಕಳಚಿರಬೇಕು.

ಬಾಯಿ ತೆರೆದ ಸ್ಪ್ಯಾನರಿನ ಬದಲು ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಬಳಸಿದರೆ ನಟ್ಟಿನ ಮೂಲೆ ಸವೆಯುವುದಿಲ್ಲ. ಬಿಚ್ಚುವಾಗ ಅಂಚಿನ ನಟ್ಟುಗಳಿಂದ ಪ್ರಾರಂಭಿಸಿ ನಡುವಿಗೆ ಬರಬೇಕು. ಅಂದರೆ ಬಿಗಿಯುವ ಕ್ರಮಕ್ಕೆ ವಿರುದ್ಧ. ಎಲ್ಲವನ್ನೂ ಮೊದಲು ಕಾಲು ಸುತ್ತು ಸಡಿಲಿಸಿ, ಆಮೇಲೆ ಪೂರ್ತಿ ತೆಗೆಯಬೇಕು. ನಟ್ಟು ಕಚ್ಚಿಕೊಂಡಂತೆ ಅನಿಸಿದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಎಣ್ಣೆ ಬಿಟ್ಟು ಮತ್ತೆ ಮುಂದುವರಿಯಬೇಕು. ಆದರೂ ಬಾರದಿದ್ದರೆ ಗ್ಯಾಸ್ ಬೆಂಕಿಯಿಂದ ನಟ್ಟನ್ನು ಕಾಯಿಸಿ ತೆಗೆಯಬಹುದು. ಇದನ್ನು ಅನುಭವಿ ಮೆಕ್ಯಾನಿಕ್ಕಿನ ಕೈಯಲ್ಲಿ, ಬಿಟ್ಟ ಎಣ್ಣೆಯನ್ನು ಒರೆಸಿ, ಡೀಸೆಲ್ ಕೊಳವೆಗಳಿಗೆ ಮರೆ ಕಟ್ಟಿ ಮಾಡಿಸಬೇಕೇ ಹೊರತು ಕಣದಲ್ಲಿಯೋ ಹುಲ್ಲಿನ ಪಕ್ಕದಲ್ಲಿಯೋ ಅಲ್ಲ.

ಸ್ಟಡ್ ಮುರಿದರೆ ಧಾವಂತ ಬೇಡ. ತುಂಡು ಹೊರಗೆ ಕಾಣುತ್ತಿದ್ದರೆ ಅದಕ್ಕೆ ನಟ್ಟನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆಯುವ ಪದ್ಧತಿಯಿದೆ. ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನಟ್ಟನಡುವೆ ಕೊರೆದು ತೆಗೆಯಬೇಕಾಗುತ್ತದೆ. ಕೊರೆಯುವುದು ಒಂದು ಬದಿಗೆ ವಾಲಿದರೆ ಹೆಡ್ಡಿನ ತೂತೇ ಕೆಡುತ್ತದೆ. ಇದು ಒಳ್ಳೆಯ ವರ್ಕ್‌ಶಾಪಿನ ಕೆಲಸ. ಒಂದು ಸ್ಟಡ್ ಕಡಿಮೆಯಿದ್ದರೂ ನಡೆಯುತ್ತದೆಂದು ಹಾಗೆಯೇ ಓಡಿಸಿದರೆ ಪಕ್ಕದ ಸ್ಟಡ್ಡಿನ ಮೇಲೆ ಹೊರೆ ಹೆಚ್ಚಿ ಅದೂ ಮುರಿಯುತ್ತದೆ.

ಮುಖಗಳ ಶುಚಿ ಮತ್ತು ಪರೀಕ್ಷೆ

ಮ್ಯಾನಿಫೋಲ್ಡ್ ಬಿಡಿಸಿದ ಮೇಲೆ ಎರಡೂ ಮುಖಗಳಲ್ಲಿ ಹಳೆಯ ಗ್ಯಾಸ್ಕೆಟ್ಟಿನ ಚೂರು ಅಂಟಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದು. ಇದರ ದೂಳು ಶ್ವಾಸಕೋಶಕ್ಕೆ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರಿನಂಥ ಮಾರಕ ರೋಗ ತರುತ್ತದೆ. ಆದ್ದರಿಂದ ಒಣಗಿದ್ದಾಗ ಉಜ್ಜಬಾರದು, ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬಾರದು. ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಮೊಂಡಾದ ಕೆರೆಯುವ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಹೆಡ್ಡಿನ ಹೊಗೆ ದಾರಿಗಳಿಗೆ ಬಟ್ಟೆ ತುರುಕಿಟ್ಟರೆ ಕಸ ಒಳಗೆ ಬೀಳುವುದಿಲ್ಲ. ಕೊನೆಗೆ ಬಟ್ಟೆ ತೆಗೆಯಲು ಮರೆಯಬಾರದು.

ಬಳಿಕ ಮ್ಯಾನಿಫೋಲ್ಡಿನ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿಯಬೇಕು. ಸಂದು ಕಂಡರೆ ಫೀಲರ್ ಗೇಜಿನಿಂದ ಅಳೆಯಬೇಕು. ಅದು ಕೈಪಿಡಿಯ ಮಿತಿಯನ್ನು ಮೀರಿದ್ದರೆ ಮುಖವನ್ನು ಯಂತ್ರದಲ್ಲಿ ಮಟ್ಟಸ ಮಾಡಿಸಬೇಕು. ಮಿತಿ ಗೊತ್ತಿಲ್ಲದಾಗ, 0.2 ಮಿ.ಮೀ. ಅಲಗು ಒಳಹೋದರೆ ಮೆಕ್ಯಾನಿಕ್ಕಿಗೆ ತೋರಿಸುವುದು ಒಳ್ಳೆಯದು. ಸೊಟ್ಟಗಾದ ಮ್ಯಾನಿಫೋಲ್ಡನ್ನು ಬೋಲ್ಟಿನ ಬಲದಿಂದ ನೆಟ್ಟಗೆ ಮಾಡಲು ಹೋದರೆ ಅದರ ಕಿವಿ ಮುರಿದು ಬರುತ್ತದೆ.

ಬೋಲ್ಟು, ಸ್ಟಡ್ಡುಗಳ ಆಯ್ಕೆ

ಹೊಸ ಬೋಲ್ಟು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಬೇಕು. ಹಳೆಯ ಮಾದರಿಯ ಕೆಲವು ಟ್ರ್ಯಾಕ್ಟರುಗಳಲ್ಲಿ ಇಂಚಿನ ಅಳತೆಯ ತಿರುಪುಗಳಿವೆ. ಇಂಚಿನ ಎಂಟನೆಯ ಮೂರು ಭಾಗದ ಬೋಲ್ಟಿನ ದಪ್ಪ 9.5 ಮಿ.ಮೀ. ಕಣ್ಣಿಗೆ ಅದು 10 ಮಿ.ಮೀ. ಬೋಲ್ಟಿನಂತೆಯೇ ಕಾಣುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಾಯದಿಂದ ತಿರುಗಿಸಿದರೆ ಹೆಡ್ಡಿನ ಥ್ರೆಡ್ ಹಾಳಾಗುತ್ತದೆ. ಬೋಲ್ಟು ಬೆರಳಿನಿಂದಲೇ ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಮಾತ್ರ ಅದು ಸರಿಯಾದ ಅಳತೆ.

ಉದ್ದವೂ ಮುಖ್ಯ. ಬೋಲ್ಟು ಗಿಡ್ಡದಾದರೆ ಹಿಡಿಯುವ ಥ್ರೆಡ್ ಸಾಲದೆ ಕಿತ್ತು ಬರುತ್ತದೆ. ಬೀಡು ಕಬ್ಬಿಣದಲ್ಲಿ ಬೋಲ್ಟು ತನ್ನ ದಪ್ಪದ ಒಂದೂವರೆಯಷ್ಟಾದರೂ ಒಳಗೆ ಹೋಗಬೇಕು, 10 ಮಿ.ಮೀ. ಬೋಲ್ಟಿಗೆ 15 ಮಿ.ಮೀ. ಅತಿ ಉದ್ದವಾದರೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತೋರುತ್ತದೆ, ಮ್ಯಾನಿಫೋಲ್ಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ತಲೆಯ ಮೇಲೆ ಯಾವ ಗುರುತೂ ಇಲ್ಲದ ಅಗ್ಗದ ಬೋಲ್ಟು ಬೇಡ. ಕಂಪನಿಯ ಬಿಡಿಭಾಗ ಸಿಗದಿದ್ದರೆ 8.8 ಅಥವಾ ಅದಕ್ಕಿಂತ ಮೇಲಿನ ಗುರುತಿರುವುದನ್ನು ಕೇಳಿ ಪಡೆಯಬೇಕು. ವಾಷರ್ ಕೂಡ ಮೊದಲಿದ್ದ ನಮೂನೆಯದೇ ಆಗಿರಲಿ. ಸಾಮಾನ್ಯ ಸ್ಪ್ರಿಂಗ್ ವಾಷರ್ ಇಷ್ಟು ಬಿಸಿಯಲ್ಲಿ ತನ್ನ ಪುಟಿಯುವ ಗುಣ ಕಳೆದುಕೊಳ್ಳುತ್ತದೆ.

ಸ್ಟಡ್ ಕೂರಿಸುವಾಗ ಅದರ ಹೊರತುದಿಗೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಎದುರು ಬಿಗಿದು, ಹೊರಗಿನ ನಟ್ಟನ್ನು ತಿರುಗಿಸಿದರೆ ಸ್ಟಡ್ ಒಳಹೋಗುತ್ತದೆ. ಉಳಿದ ಸ್ಟಡ್ಡುಗಳಷ್ಟೇ ಹೊರಚಾಚಿದಾಗ ನಿಲ್ಲಿಸಬೇಕು. ತೂತಿನಲ್ಲಿ ಎಣ್ಣೆ ಅಥವಾ ನೀರು ನಿಂತಿರಬಾರದು. ಹೊರಹೋಗಲು ದಾರಿಯಿಲ್ಲದ ದ್ರವವು ಸ್ಟಡ್ಡಿನ ಒತ್ತಡಕ್ಕೆ ಸಿಕ್ಕಿ ಹೆಡ್ಡನ್ನೇ ಸೀಳಬಲ್ಲದು. ಕೆಲವು ಎಂಜಿನ್ನುಗಳಲ್ಲಿ ಸ್ಟಡ್ಡಿನ ತೂತು ನೀರು ತಿರುಗುವ ಕೋಣೆಗೆ ತೆರೆದಿರುತ್ತದೆ. ಬಿಚ್ಚಿದಾಗ ರೇಡಿಯೇಟರಿನ ನೀರು ಬಂದರೆ ಅದನ್ನು ಬಸಿದು, ಬಿಸಿ ತಾಳುವ ಸೀಲಿಂಗ್ ಅಂಟನ್ನು ಥ್ರೆಡ್ಡಿಗೆ ಹಚ್ಚಿ ಕೂರಿಸಬೇಕು.

ನಟ್ಟಿನ ಕಡೆಯ ಥ್ರೆಡ್ಡಿಗೆ ಮಾಮೂಲಿ ಗ್ರೀಸ್ ಹಚ್ಚುವುದರಿಂದ ಫಲವಿಲ್ಲ; ಅದು ಸುಟ್ಟು ಕರಿಯಾಗುತ್ತದೆ. ತಾಮ್ರ ಅಥವಾ ನಿಕ್ಕಲ್ ಪುಡಿ ಬೆರೆಸಿದ, ಬಿಸಿ ತಾಳುವ ಲೇಪ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತೆಳುವಾಗಿ ಹಚ್ಚಿದರೆ ಮುಂದೆ ಬಿಚ್ಚುವುದು ಸುಲಭ. ಲೇಪ ಹಚ್ಚಿದ ಥ್ರೆಡ್ ನುಣುಪಾಗುವುದರಿಂದ ಅದೇ ಎಳೆತಕ್ಕೆ ಬೋಲ್ಟು ಹೆಚ್ಚು ಹಿಗ್ಗುತ್ತದೆ. ಹೀಗಾಗಿ ಕೈಪಿಡಿಯು ಒಣ ಥ್ರೆಡ್ಡಿಗೆ ಅಂಕಿ ಕೊಟ್ಟಿದ್ದರೆ ಅದರಲ್ಲಿ ಸುಮಾರು ಐದನೆಯ ಒಂದು ಭಾಗ ಕಡಿಮೆ ಮಾಡಬೇಕು.

ಕೂರಿಸಿ ಬಿಗಿಯುವ ಕ್ರಮ

ಗ್ಯಾಸ್ಕೆಟ್ ಪ್ರತಿಸಲವೂ ಹೊಸದಾಗಿರಬೇಕು. ಒಮ್ಮೆ ಅದುಮಿದ ಗ್ಯಾಸ್ಕೆಟ್ ಮತ್ತೆ ಅದೇ ರೀತಿ ಕೂರುವುದಿಲ್ಲ. ಅದರ ತೂತುಗಳು ಹೊಗೆ ದಾರಿಗೆ ಸರಿಯಾಗಿ ಹೊಂದುತ್ತವೆಯೇ ಎಂದು ನೋಡಿ, ಗುರುತು ಇದ್ದ ಮುಖವನ್ನು ಕೈಪಿಡಿ ಹೇಳಿದ ಕಡೆಗೆ ಇಡಬೇಕು. ಅನಂತರದ ಹಂತಗಳು ಹೀಗಿವೆ.

1. ಮ್ಯಾನಿಫೋಲ್ಡನ್ನು ಸ್ಟಡ್ಡುಗಳ ಮೇಲೆ ಇಟ್ಟು ಎಲ್ಲ ನಟ್ಟುಗಳನ್ನೂ ಬೆರಳಿನಿಂದ ತಿರುಗಿಸಿ. ಮ್ಯಾನಿಫೋಲ್ಡ್ ಸಮನಾಗಿ ಕೂತಿದೆಯೇ ಎಂದು ಅಲುಗಿಸಿ ನೋಡಿ. ಈ ಹಂತದಲ್ಲಿ ಸೈಲೆನ್ಸರನ್ನು ಜೋಡಿಸಬಾರದು.

2. ನಡುವಿನ ನಟ್ಟುಗಳಿಂದ ಪ್ರಾರಂಭಿಸಿ ಎರಡೂ ಕಡೆಗೆ ಸಮನಾಗಿ ಸಾಗುತ್ತ, ಪೂರ್ತಿ ಬಿಗಿಯ ಮೂರನೆಯ ಒಂದು ಭಾಗದಷ್ಟು ಬಿಗಿಯಿರಿ.

3. ಅದೇ ಕ್ರಮದಲ್ಲಿ ಮೂರನೆಯ ಎರಡು ಭಾಗದಷ್ಟು ಬಿಗಿಯಿರಿ.

4. ಅದೇ ಕ್ರಮದಲ್ಲಿ ಪೂರ್ತಿ ಅಂಕಿಗೆ ತನ್ನಿ. ಕೊನೆಗೆ ಒಂದು ಸುತ್ತು ಎಲ್ಲವನ್ನೂ ಅದೇ ಅಂಕಿಗೆ ಪರೀಕ್ಷಿಸಿ. ಪಕ್ಕದ್ದನ್ನು ಬಿಗಿದಾಗ ಮೊದಲು ಬಿಗಿದದ್ದು ಸ್ವಲ್ಪ ಸಡಿಲವಾಗಿರುವುದುಂಟು.

ಉದಾಹರಣೆಗೆ ಒಂದೇ ಸಾಲಿನಲ್ಲಿ ಆರು ನಟ್ಟುಗಳಿದ್ದು, ಎಡದಿಂದ ಬಲಕ್ಕೆ 1ರಿಂದ 6 ಎಂದು ಎಣಿಸಿದರೆ, ಬಿಗಿಯುವ ಕ್ರಮ 3, 4, 2, 5, 1, 6. ಮೇಲಿನ ಸಾಲಿನಲ್ಲಿ 1ರಿಂದ 4, ಕೆಳಗಿನ ಸಾಲಿನಲ್ಲಿ 5ರಿಂದ 8 ಇದ್ದರೆ, ಮೊದಲು ನಡುವಿನವುಗಳನ್ನು ಕತ್ತರಿಯಾಕಾರದಲ್ಲಿ 2, 7, 3, 6 ಎಂದೂ, ಆಮೇಲೆ ಅಂಚಿನವುಗಳನ್ನು 1, 8, 4, 5 ಎಂದೂ ಬಿಗಿಯಬೇಕು. ಕೈಪಿಡಿಯಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಪೂರ್ತಿ ಬಿಗಿ 4.5 ಕಿಲೋಗ್ರಾಂ-ಮೀಟರ್ ಆಗಿದ್ದರೆ, 25 ಸೆಂ.ಮೀ. ಸ್ಪ್ಯಾನರಿಗೆ ಮೂರು ಹಂತದ ಎಳೆತ ಕ್ರಮವಾಗಿ 6, 12 ಮತ್ತು 18 ಕಿಲೋಗ್ರಾಂ.

ನಡುವಿನಿಂದಲೇ ಏಕೆ ಪ್ರಾರಂಭಿಸಬೇಕು? ಚಾಪೆ ಹಾಸುವಾಗ ಎರಡೂ ತುದಿಗಳನ್ನು ಮೊದಲು ಒತ್ತಿಬಿಟ್ಟರೆ ನಡುವೆ ಉಬ್ಬು ಉಳಿಯುತ್ತದೆ. ನಡುವಿನಿಂದ ಹೊರಕ್ಕೆ ಸವರಿದರೆ ಉಬ್ಬು ಅಂಚಿನಲ್ಲಿ ಹೊರಟುಹೋಗುತ್ತದೆ. ಗ್ಯಾಸ್ಕೆಟ್ಟೂ ಹೀಗೆಯೇ ಸಮನಾಗಿ ಕೂರುತ್ತದೆ. ಮ್ಯಾನಿಫೋಲ್ಡಿನ ತುದಿಗಳು ಬಿಸಿಯಲ್ಲಿ ಹೊರಕ್ಕೆ ಸರಿಯಲು ದಾರಿಯಿರುತ್ತದೆ.

ಮ್ಯಾನಿಫೋಲ್ಡ್ ಬಿಗಿಯಾದ ಮೇಲೆ ಸೈಲೆನ್ಸರನ್ನು ಜೋಡಿಸಿ, ಅದರ ಆಧಾರದ ಪಟ್ಟಿಯನ್ನು ಕೊನೆಯಲ್ಲಿ ಬಿಗಿಯಬೇಕು. ಪಟ್ಟಿಯ ತೂತು ಸೇರದಿದ್ದರೆ ಸೈಲೆನ್ಸರನ್ನು ಎಳೆದು ಸೇರಿಸಬಾರದು, ಪಟ್ಟಿಯನ್ನೇ ಸರಿಪಡಿಸಬೇಕು.

ಮೊದಲ ಓಟ ಮತ್ತು ಮರುಬಿಗಿತ

ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ಹಗುರವಾದ ಕೆಲಸದಲ್ಲಿ ಅರ್ಧ ಗಂಟೆ ಓಡಿಸಿ. ಸವರಿದ ಎಣ್ಣೆ ಉರಿದು ಸ್ವಲ್ಪ ಹೊಗೆ ಬರುವುದು ಸಹಜ. ಅದು ಬೇಗ ನಿಲ್ಲುತ್ತದೆ. ಅನಂತರ ಎಂಜಿನ್ ನಿಲ್ಲಿಸಿ ಪೂರ್ತಿ ತಣಿಯಲು ಬಿಟ್ಟು, ಅದೇ ಕ್ರಮದಲ್ಲಿ ಅದೇ ಅಂಕಿಗೆ ಇನ್ನೊಮ್ಮೆ ಪರೀಕ್ಷಿಸಬೇಕು. ಗ್ಯಾಸ್ಕೆಟ್ ಮೊದಲ ಬಿಸಿಯಲ್ಲಿ ಅದುಮಿಕೊಳ್ಳುವುದರಿಂದ ಕೆಲವು ನಟ್ಟುಗಳು ತುಸು ತಿರುಗುತ್ತವೆ. ಸುಮಾರು 50 ಗಂಟೆ ಕೆಲಸದ ನಂತರ ಮತ್ತೊಮ್ಮೆ, ಆಮೇಲೆ ದೊಡ್ಡ ಸರ್ವೀಸ್ ಮಾಡಿಸುವಾಗಲೆಲ್ಲ ನೋಡಿದರೆ ಸಾಕು. ಮರುಬಿಗಿತ ಬೇಡವೆಂದು ಕೈಪಿಡಿಯಲ್ಲಿ ಹೇಳಿದ್ದರೆ ಮಾಡಬೇಕಾಗಿಲ್ಲ. ಬಿಸಿ ಇರುವಾಗ ಬಿಗಿಯುವುದರಿಂದ ಕೈ ಸುಡುವುದಲ್ಲದೆ ಅಳತೆಯೂ ತಪ್ಪುತ್ತದೆ.

ಭಾರ ಎಳೆದು ಬಂದ ಕೂಡಲೇ ಎಂಜಿನ್ ಆರಿಸದೆ ಎರಡು ಮೂರು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಟ್ಟರೆ ಮ್ಯಾನಿಫೋಲ್ಡ್ ಮೆಲ್ಲಗೆ ತಣಿಯುತ್ತದೆ. ಟರ್ಬೋಗೂ ಇದು ಒಳ್ಳೆಯದು. ಕಬ್ಬಿನ ಎರಡು ಟ್ರೇಲರ್ ಎಳೆಯುವ ಚಾಲಕರಿಗೆ ಇದನ್ನು ವಿಶೇಷವಾಗಿ ತಿಳಿಸಬೇಕು.

ಯಾವಾಗ ಕೈ ಹಾಕಬಾರದು?

50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಗೆ ಬಂದಿದೆ. ಇವುಗಳ ಹೊಗೆ ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಉಪಕರಣ, ವಿದ್ಯುತ್ ಸಂವೇದಕಗಳು ಇರುತ್ತವೆ. ಇಂಥ ಟ್ರ್ಯಾಕ್ಟರುಗಳನ್ನೂ ವಾರಂಟಿ ಇನ್ನೂ ಮುಗಿಯದವನ್ನೂ ಕಂಪನಿಯ ಸೇವಾ ಕೇಂದ್ರಕ್ಕೇ ಒಯ್ಯಬೇಕು. ಆಗಲೂ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದರೇ ಎಂದು ಕೇಳಿ ನೋಡುವ ಹಕ್ಕು ಮಾಲೀಕರಿಗಿದೆ.

ಟ್ರ್ಯಾಕ್ಟರ್ ದುರಸ್ತಿಯನ್ನು ಕ್ರಮವಾಗಿ ಕಲಿಯಬಯಸುವವರಿಗೆ ನೆರೆಯ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಹಾಗೂ ಪರೀಕ್ಷಾ ಸಂಸ್ಥೆಯಿದೆ. ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ತರಬೇತಿಗಳ ಬಗ್ಗೆ ವಿಚಾರಿಸಬಹುದು.

ನೆನಪಿಡಬೇಕಾದ ಅಂಶಗಳು

• ತಣ್ಣಗಿರುವ ಎಂಜಿನ್ನಿನಲ್ಲಿ ಮಾತ್ರ ಬಿಚ್ಚಬೇಕು, ಬಿಗಿಯಬೇಕು.
• ಬಿಚ್ಚುವುದು ಅಂಚಿನಿಂದ ನಡುವಿಗೆ. ಬಿಗಿಯುವುದು ನಡುವಿನಿಂದ ಅಂಚಿಗೆ, ಮೂರು ಹಂತದಲ್ಲಿ.
• ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ರಿಂಗ್ ತಕ್ಕಡಿ ಬಳಸಬೇಕು. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಕೂಡದು.
• ಗ್ಯಾಸ್ಕೆಟ್ ಪ್ರತಿಸಲ ಹೊಸದಿರಬೇಕು. ಹಳೆಯದನ್ನು ಒದ್ದೆ ಮಾಡಿಯೇ ಕೆರೆಯಬೇಕು.
• ಬೋಲ್ಟಿನ ಅಳತೆ, ಉದ್ದ, ಗುರುತು ಮೂರನ್ನೂ ನೋಡಿ ಕೊಳ್ಳಬೇಕು.
• ಸೈಲೆನ್ಸರಿನ ಆಧಾರದ ಪಟ್ಟಿ ಸದಾ ಭದ್ರವಾಗಿರಬೇಕು.
• ಒಕ್ಕಣೆಗೆ ಟ್ರ್ಯಾಕ್ಟರ್ ಕಟ್ಟುವ ಮುನ್ನ ಮ್ಯಾನಿಫೋಲ್ಡಿನ ಸುತ್ತಲಿನ ಹುಲ್ಲು, ಹೊಟ್ಟು ತೆಗೆದು ಸೋರಿಕೆ ನೋಡಬೇಕು.

ಈ ಕೆಲಸಕ್ಕೆ ಸುಗ್ಗಿ ಮುಗಿದು ಮುಂಗಾರು ಪ್ರಾರಂಭವಾಗುವ ನಡುವಿನ ಬಿಡುವೇ ಸರಿಯಾದ ಕಾಲ. ಆಗ ಒಂದು ಬೆಳಗಿನ ಹೊತ್ತು ಮೀಸಲಿಟ್ಟರೆ ಮಳೆ ಬಿದ್ದು ಹದ ಬಂದಾಗ ಟ್ರ್ಯಾಕ್ಟರ್ ಹೊಲದಲ್ಲಿರುತ್ತದೆ.